ನನ್ನದಲ್ಲದ ಪ್ರಾರ್ಥನೆ

ಶುಕ್ರವಾರ, ಅಕ್ಟೋಬರ್ ೧೦, ಬಾದಾಮಿ

ಅಲ್ಲ, ಕದ್ದೆ ಅಂತ ನನಗೆ ಈಗಲೂ ಅನಿಸುತ್ತಿಲ್ಲ. ಸಿಸ್ಟರ್ ಮೇಲಿನ ಅಭಿಮಾನ, ಅಷ್ಟೇ. ಕಾನ್ವೆಂಟ್ ಹೈಸ್ಕೂಲ್ ಶಿಕ್ಷಕರ ತರಬೇತಿಯಲ್ಲಿ ಇವತ್ತು ಬೆಳಗಿನ ಪ್ರಾರ್ಥನೆ ನಡೆಸುವ ಸರದಿ ನನ್ನದಿತ್ತು. ಸ್ವಂತ ಮಾತಿನಲ್ಲಿ ಹೇಳಬೇಕು ಎಂದು ತರಬೇತಿ ಕೊಡುವ ಸಿಸ್ಟರ್ ಲವೀನಾ ಮೊದಲೇ ಹೇಳಿದ್ದರು. ನಾನು ಕ್ರೈಸ್ತಳಲ್ಲ, ಇಳಕಲ್ಲಿನ ನೇಕಾರರ ಮನೆಯವಳು. ಏನು ಹೇಳಲಿ? ಸಿಸ್ಟರ್ ಅವರೇ ಹಿಂದೊಮ್ಮೆ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ಪ್ರಾರ್ಥನೆಯ ವಾಯ್ಸ್ ನೋಟ್ ನನ್ನ ಫೋನಿನಲ್ಲಿತ್ತು. ಅದನ್ನೇ ಬಾಯಿಪಾಠ ಮಾಡಿ ಹೇಳಿಬಿಟ್ಟೆ. ಅವರಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ.

ಮುಗಿದ ಮೇಲೆ ಅವರು ಮೆಲ್ಲಗೆ, "ನನ್ನ ಪ್ರಾರ್ಥನೆ ನನಗೇ ವಾಪಸ್ ಕೊಟ್ಟೆಯಲ್ಲ ಮಾರಾಯ್ತಿ. ನಿನ್ನದೆಲ್ಲಿ? ನಾಳೆ ಇನ್ನೊಮ್ಮೆ ಹೇಳು" ಎಂದರು.

ಪಕ್ಕದಲ್ಲಿ ಕೂತಿದ್ದ ಗಣಿತದ ಟೀಚರ್ ನರ್ಗೀಸ ನಗು ತಡೆಯಲಿಲ್ಲ. "ದನಿನೂ ಅವರದ ತಗದಿದ್ದಿ ನೋಡವಾ. ಚಷ್ಮಾ ಒಂದ ಬಾಕಿ ಇತ್ತ."

ಸಂಜೆ ಅವ್ವನಿಗೆ ಫೋನ್ ಮಾಡಿ, ಮಗ್ಗಕ್ಕೆ ಕೂರುವ ಮುಂಚೆ ಏನು ಬೇಡಿಕೊಳ್ಳುತ್ತೀ ಎಂದು ಕೇಳಿದೆ.

"ಅದೇನ್ ದೊಡ್ಡ ಪ್ರಾರ್ಥನಿ ಏನ? ಲಾಳಿ ಕಣ್ಣಿಗೆ ಒತ್ಕೊಂಡು, ಎಳಿ ಹರದ್ರ ಗಂಟ ಹಾಕೋವಷ್ಟ ಸಮಾಧಾನ ಕೊಡಪಾ ಅಂತೇನಿ. ಉಂಡಿಯೋ ಇಲ್ಲೋ ನೀ?"

ನನ್ನ ಒಂಬತ್ತನೇ ಕ್ಲಾಸಿನ ಮುಂದೆ ನಿಲ್ಲುವಾಗ ನನಗೆ ಬೇಕಾದದ್ದೂ ಅದೇ, ಅಷ್ಟು ಸಮಾಧಾನ. ಇದೂ ನನ್ನದಲ್ಲ, ಅವ್ವನದು. ಆದರೆ ಹೇಳಿ ನೋಡಿದೆ, ನನ್ನ ದನಿಯಲ್ಲೇ ಬರುತ್ತಿದೆ.

ನಾಳೆ ಇದನ್ನೇ ಹೇಳುತ್ತೇನೆ. ಕೇಳಿದ ಮೇಲೆ ಆಮೆನ್ ಅನ್ನದೆ ಯಾರು ಕೂರುತ್ತಾರೆ, ನೋಡೋಣವೇ?