ಬಾಯವ್ವನಿಗೆ ಮಂಜೂರಾತಿ ಬಂದ ದಿನ

ಬೈಲಹೊಂಗಲ
ರವಿವಾರ, ೯ ಫೆಬ್ರುವರಿ ೨೦೨೫

ಪ್ರೀತಿಯ ಅತ್ತೀ, ಸಪ್ರೇಮ ಜೈಭೀಮ್.

ಸೊಂಟದ ನೋವು ಹೇಗಿದೆ? ಬಾಣಂತನದ ಮನೆಯಲ್ಲಿ ನಿಮಗೆ ಒರಗಲು ಪುರುಸೊತ್ತು ಸಿಗುವುದಿಲ್ಲ ಎಂದು ಗೊತ್ತು, ಆದರೂ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಿ. ಬಾಣಂತಿ ಸ್ನೇಹಲ್ ಹೊಟ್ಟೆ ತುಂಬ ಉಣ್ಣುತ್ತಾಳೆಯೇ? ತೊರಗಲ್ಲಿನ ಬಿಸಿಲಿಗೆ ಕೂಸಿನ ಮೈಮೇಲೆ ಬೆವರುಸಾಲೆ ಎದ್ದಿಲ್ಲ ತಾನೆ? ಇಲ್ಲಿ ನಾವೆಲ್ಲ ಆರಾಮ. ನಿಮ್ಮ ಮಗ ರೊಟ್ಟಿ ಬಡಿಯಲು ಕಲಿಯುತ್ತಿದ್ದಾರೆ. ಪ್ರತಿ ರೊಟ್ಟಿಗೂ ಬೇರೆ ಆಕಾರ ಬರುತ್ತದೆ. ನಿಮ್ಮ ಮೊಮ್ಮಗ ಸಂದೀಪ ಒಂದೊಂದನ್ನು ಎತ್ತಿ ಹಿಡಿದು, ಇದು ಆನಿ, ಇದು ಕಾರು ಎಂದು ಹೆಸರಿಟ್ಟು ತಿನ್ನುತ್ತಾನೆ. "ಫೋನಿನ್ಯಾಗ ಹೇಳಿದ್ದು ಮರತ ಹೋಕ್ಕೈತಿ, ಬರದು ಕಳಸು" ಎಂದು ಹೋಗುವಾಗ ಹೇಳಿದ್ದಿರಲ್ಲ, ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ನಮ್ಮ ಕಣ್ಣಿನ ಆಸ್ಪತ್ರೆಯ ಆಫೀಸಿನಲ್ಲಿ ಇಂಟರ್ನೆಟ್ ನಿಧಾನವಾಗಿದೆ ಎಂದು ನಾನು ಬೇಸರ ಮಾಡಿಕೊಂಡಿದ್ದು ನಿಮಗೆ ನೆನಪಿರಬಹುದು. ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ನನ್ನದು, ಹೀಗಾಗಿ ಎಲ್ಲರ ಕಣ್ಣೂ ನನ್ನ ಮೇಲೆ. ಬಡವರ ಆಪರೇಶನ್‌ಗೆ ಸರ್ಕಾರದ ಮಂಜೂರಾತಿ ಬೇಕು, ಅದನ್ನು ವೆಬ್‌ಸೈಟಿನಲ್ಲೇ ಕೇಳಬೇಕು. ಒಂದೊಂದು ಪುಟ ತೆರೆಯಲೂ ಕಾಯಬೇಕಾಗಿತ್ತು. ಕಾಗದಪತ್ರ ಹಾಕಿ ಮುಗಿಸುವುದರೊಳಗೆ ಅದು ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಇಂಟರ್ನೆಟ್ ಕಂಪನಿ ಬದಲಾದ ಮೇಲೆ ಶುರುವಾದ ಕಾಟ ಇದು. ಹೊಸ ಕಂಪನಿಯ ಹುಡುಗ ಸಾಗರ ಬಂದು ತನ್ನ ಲ್ಯಾಪ್‌ಟಾಪ್ ಜೋಡಿಸಿ ನೋಡಿದ. "ಲೈನ್ ಚೊಲೊ ಐತ್ರಿ ಮೇಡಂ, ನೀವ ನೋಡ್ರಿ" ಎಂದ. ನೋಡಿದೆ, ಅವನದರಲ್ಲಿ ಎಲ್ಲ ಸರಾಗವಾಗಿತ್ತು. ಹಾಗಾದರೆ ತೊಂದರೆ ಎಲ್ಲಿದೆ ಎಂದು ನನಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ.

ಹೋದ ವಾರ ಚಚಡಿಯಿಂದ ಬಾಯವ್ವ ಎಂಬ ಮುದುಕಿ ಬಂದಿದ್ದಳು. ಎರಡೂ ಕಣ್ಣಿಗೆ ಪೊರೆ. ಮೊದಲ ಸಲ ಬಂದಾಗ ಮಂಜೂರಾತಿ ಬರುವುದರೊಳಗೆ ಆಪರೇಶನ್‌ಗೆಂದು ಬೆಳಗಾವಿಯಿಂದ ಬರುವ ಡಾಕ್ಟರು ಹೊರಟುಹೋಗಿದ್ದರು. ಪಾಪ, ಹಾಗೇ ತಿರುಗಿ ಕಳಿಸಿದ್ದೆವು. ಈ ಸಲವೂ ಪುಟ ತೆರೆಯಲೊಲ್ಲದು. ಅವಳ ಮಗ ಸೋಮಪ್ಪ ಎದ್ದು ನಿಂತು, "ಇನ್ನ ಕರಕೊಂಡ ಬರಂಗಿಲ್ರಿ. ದಗದ ಬಿಟ್ಟ ಎಷ್ಟ ಸಲ ಬರೂದು?" ಎಂದ. ಬಾಯವ್ವ ಮಾತ್ರ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, "ನನಗ ಕಾಣವಲ್ದು, ನಿಮ್ಮ ಮಶೀನಿಗೂ ಕಾಣವಲ್ದೇನವಾ?" ಎಂದು ಕೇಳಿದಳು.

ಅದೇ ಹೊತ್ತಿಗೆ ಮ್ಯಾನೇಜರ್ ಅಂದಾನೆಪ್ಪನವರು ತಮ್ಮ ಮೊಬೈಲ್ ತಂದು, "ಪ್ರಜ್ಞಾ, ಆ ವೆಬ್‌ಸೈಟ್ ಇದರಾಗ ಪಟ್ನ ತಗೀತೈತಿ ನೋಡವಾ" ಎಂದರು. ಮೊಬೈಲಿಗೂ ನಮ್ಮದೇ ವೈಫೈ, ಅದೇ ಲೈನ್. ನಿಧಾನವಾಗಿರುವುದು ಸರ್ವರ್‌ಗೆ, ಅಂದರೆ ಫೈಲುಗಳನ್ನೆಲ್ಲ ಇಟ್ಟುಕೊಳ್ಳುವ ದೊಡ್ಡ ಕಂಪ್ಯೂಟರಿಗೆ, ಸೇರಿಸಿದ ಆಫೀಸಿನ ಕಂಪ್ಯೂಟರುಗಳು ಮಾತ್ರ. ಅವು ಯಾವ ವೆಬ್‌ಸೈಟಿಗೆ ಹೋಗಬೇಕಾದರೂ ಅದರ ವಿಳಾಸವನ್ನು ಮೊದಲು ಸರ್ವರ್‌ಗೆ ಕೇಳುತ್ತವೆ, ಮೊಬೈಲು, ಸಾಗರನ ಲ್ಯಾಪ್‌ಟಾಪು ನೇರವಾಗಿ ಹೊರಗೆ ಕೇಳುತ್ತವೆ. ಕೌಂಟರಿನ ಕಂಪ್ಯೂಟರಿಗೂ ಹಾಗೇ ಹೊರಗೆ ಕೇಳಲು ಹೇಳಿಬಿಟ್ಟೆ. ಪುಟ ತಕ್ಷಣ ತೆರೆಯಿತು! ಆದರೆ ನನ್ನ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಕೌಂಟರಿನ ತಂಗೆವ್ವ, "ಅಕ್ಕಾರ, ಪೇಶಂಟ್ ಫೈಲೆಲ್ಲಾ ಎಲ್ಲಿ ಹೋದುವ್ರಿ?" ಎಂದು ಕೂಗಿದಳು. ನಮ್ಮ ಫೈಲುಗಳಿರುವ ಸರ್ವರ್ ಎಲ್ಲಿದೆ ಎಂದು ಹೊರಗಿನವರಿಗೆ ಹೇಗೆ ಗೊತ್ತಿರಬೇಕು? ಮೊದಲಿದ್ದಂತೆ ಮಾಡಿದ ಮೇಲೆ ಫೈಲುಗಳು ಮತ್ತೆ ಕಂಡವು. ಹೋದ ಜೀವ ಬಂದಂತಾಯಿತು.

ಇನ್ನು ಉಳಿದದ್ದು ಸರ್ವರ್. ತೆರೆದು ನೋಡಿದೆ. ಹೊರಗಿನ ವಿಳಾಸ ತನಗೆ ಗೊತ್ತಿಲ್ಲದಾಗ ಅದು ಇನ್ನೂ ಹಳೆಯ ಕಂಪನಿಯನ್ನೇ ಕೇಳುತ್ತಿತ್ತು. ಅಲ್ಲಿಂದ ಉತ್ತರವಿಲ್ಲ. ಖಾಲಿ ಮನೆಯ ಬಾಗಿಲು ಬಡಿದು ಕಾದು, ಯಾರೂ ಬರದ ಮೇಲೆ ಬೇರೆ ಕಡೆ ವಿಚಾರಿಸಿದ ಹಾಗೆ, ಪ್ರತಿ ಸಲವೂ ಅದೇ ಕಥೆ. ಬದಲಿಸುವುದು ಸಣ್ಣ ಕೆಲಸ, ಆದರೆ ನಾನು ಸರ್ವರ್ ಮುಟ್ಟುತ್ತಿದ್ದದ್ದು ಅದೇ ಮೊದಲು. ಕೈ ತಪ್ಪಿದರೆ ಇಡೀ ಆಸ್ಪತ್ರೆ ನಿಂತುಹೋಗುತ್ತದೆ. ಅಂದಾನೆಪ್ಪನವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. "ಮಾಡವಾ. ಕೆಟ್ರ ಇಬ್ರೂ ಕೂಡಿ ನೆಟ್ಟಗ ಮಾಡೂಣು. ನಿನ್ನ ಒಬ್ಬಾಕಿ ಮ್ಯಾಲ ಹಾಕಂಗಿಲ್ಲ" ಎಂದರು. ಸಾಗರನಿಗೆ ಫೋನ್ ಮಾಡಿದೆ. ಪಾಪ, ಆತ ಸವದತ್ತಿಯಲ್ಲಿ ಕಂಬದ ಕೆಲಸ ನಿಲ್ಲಿಸಿ ಹೊಸ ಕಂಪನಿಯ ವಿಳಾಸ ಹೇಳಿದ, ನಾನು ಬರೆದು ಮುಗಿಸುವ ತನಕ ಫೋನ್ ಇಡಲಿಲ್ಲ. ಆಮೇಲೆ ಕೌಂಟರಿನಲ್ಲಿ ಪುಟವೂ ತೆರೆಯಿತು, ಫೈಲೂ ತೆರೆಯಿತು. ತಂಗೆವ್ವ ಚಪ್ಪಾಳೆ ತಟ್ಟಿದಳು.

ಮಂಜೂರಾತಿ ಬಂದಾಗ ಡಾಕ್ಟರು ಇನ್ನೂ ಹೊರಟಿರಲಿಲ್ಲ, ಊಟಕ್ಕೆ ಕೂತಿದ್ದರು. ಬಾಯವ್ವನನ್ನು ಒಳಗೆ ಕರೆದೊಯ್ಯುವಾಗ ಸೋಮಪ್ಪ ಕೈಮುಗಿದ. ಮರುದಿನ ಪಟ್ಟಿ ಬಿಚ್ಚಿದ ಮೇಲೆ ಆಕೆ ನನ್ನನ್ನು ಕರೆಸಿ, ಗದ್ದ ಹಿಡಿದು ನೋಡಿ, "ಇಷ್ಟ ಸಣ್ಣಾಕಿ ಅದಿಯೇನ ನೀ! ದನಿ ಕೇಳಿ ದೊಡ್ಡಾಕಿ ಅನ್ಕೊಂಡಿದ್ನಿ" ಎಂದಳು. ಎಲ್ಲರೂ ನಕ್ಕರು. ನಾನು ನಗುತ್ತಲೇ ಅತ್ತೆ.

ಆಗ ನೀವು ನೆನಪಾದಿರಿ ಅತ್ತೀ. ಸಂದೀಪ ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ ಕಂಪ್ಯೂಟರ್ ಕೋರ್ಸ್ ಬಿಡುತ್ತೇನೆ ಎಂದಿದ್ದೆ. "ಕೂಸು ನಾ ನೋಡ್ಕೋತೇನಿ, ನೀ ಕಲಿ. ಅರ್ಧಕ್ಕ ಬಿಟ್ಟ ಬಂದ್ರ ಮನ್ಯಾಗ ಕರಕೊಳ್ಳಂಗಿಲ್ಲ" ಎಂದು ಗದರಿಸಿ ಬಸ್ ಹತ್ತಿಸಿದ್ದಿರಿ. ಓಣಿಯ ಮಂದಿ ಏನೇನೋ ಆಡಿದಾಗ ನನ್ನ ಪರವಾಗಿ ಜಗಳಕ್ಕೆ ನಿಂತಿರಿ. ಬಾಯವ್ವ ಕಂಡ ಬೆಳಕಿನಲ್ಲಿ ನಿಮ್ಮ ಪಾಲು ದೊಡ್ಡದು. ಎದುರಿಗೆ ಹೇಳಿದರೆ "ಸಾಕ ಬಿಡು" ಎನ್ನುತ್ತೀರಿ, ಅದಕ್ಕೆ ಬರೆದೇ ಬಿಟ್ಟೆ.

ಸ್ನೇಹಲ್‌ಗೆ ನನ್ನ ಪ್ರೀತಿ, ಕೂಸಿಗೆ ಮುತ್ತು. ಅಲ್ಲಿಯ ಹಿರಿಯರಿಗೆಲ್ಲ ಜೈಭೀಮ್ ತಿಳಿಸಿ. ನಿಮ್ಮ ಕೈ ನನ್ನ ತಲೆಯ ಮೇಲೆ ಹೀಗೇ ಇರಲಿ.

ನಿಮ್ಮ ಸೊಸೆ,
ಪ್ರಜ್ಞಾ

ತಾ.ಕ.: ಅಂಚೆಗೆ ಹಾಕಲು ನಿಮ್ಮ ಮಗ ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಣ್ಣು ಮಂಜಾಗತೊಡಗಿದಾಗ ಅಕ್ಕಿ ಆರಿಸಲು ಮೊರವನ್ನು ಬಾಗಿಲ ಬೆಳಕಿಗೆ ಒಯ್ಯಬೇಕಾಗುತ್ತಿತ್ತು ಎಂದು ಬಾಯವ್ವ ಡಾಕ್ಟರಿಗೆ ಹೇಳುತ್ತಿದ್ದಳು. ನೀವೂ ಹೋದ ದಸರೆಯಿಂದ ಹಾಗೇ ಮಾಡುತ್ತಿದ್ದೀರಿ. ಸೂಜಿಗೆ ದಾರ ಪೋಣಿಸಲು ಸಂದೀಪನನ್ನು ಕರೆಯುತ್ತೀರಿ. ಈ ಕಾಗದದಲ್ಲಿ ಅಕ್ಷರ ಇಷ್ಟು ದೊಡ್ಡದಾಗಿ ಬರೆದದ್ದು ಅದಕ್ಕೇ. ಬರುವ ಶುಕ್ರವಾರ ರಾಮದುರ್ಗದ ನಮ್ಮ ಕೇಂದ್ರದಲ್ಲಿ ಕಣ್ಣು ತಪಾಸಣೆ ಇದೆ. ನಿಮ್ಮ ಹೆಸರು ಬರೆಸಿದ್ದೇನೆ. ನಾನೇ ತೊರಗಲ್ಲಿಗೆ ಬಂದು ಕರೆದುಕೊಂಡು ಹೋಗುತ್ತೇನೆ. ಬರಂಗಿಲ್ಲ ಅಂದರೆ ನಾನೂ ಮನೆಯೊಳಗೆ ಕರೆದುಕೊಳ್ಳುವುದಿಲ್ಲ, ನೋಡಿ.