ಗವರ್ನರನ ಕಣ್ಣೀರು

ಮಾರ್ಚ್ 3
ಜೀಪ್ನಿ ಬಸ್ಸು ಸಿಗಲಿಲ್ಲ, ಸ್ಟುಡಿಯೋಗೆ ತಡ. ಮತ್ತೆ ಅದೇ ಟ್ರೇಲರ್ ಎಡಿಟಿಂಗ್, ನಮ್ಮ ಗವರ್ನರನ ಜೀವನದ ಸಿನಿಮಾಕ್ಕೆ. ಗವರ್ನರ್ ಆಲ್ದಾಬಾ ಬಿಳಿ ಕುದುರೆ ಮೇಲೆ ಬರುತ್ತಾನೆ. ಕಬ್ಬಿನ ಗದ್ದೆಯ ಮಕ್ಕಳನ್ನು ಎತ್ತಿಕೊಳ್ಳುತ್ತಾನೆ. ಜನಸಾಗರ, ಜೈಕಾರ. ಆಮೇಲೆ ಅವನ ಸೈನಿಕರು ಹುಡುಗರನ್ನು ಟ್ರಕ್ಕಿಗೆ ತುಂಬುವ ಶಾಟ್.

ನಿರ್ದೇಶಕ ರಾಮೆಲ್ ಗಡ್ಡ ಕೆರೆದುಕೊಂಡ. "ಇಷ್ಟಕ್ಕೇ ಬಿಟ್ರೆ ಹೀರೋನೇ ವಿಲನ್ ಆಗ್ತಾನೆ ಲೋರ್ನಾ. ಅವ್ನು ಅಳೋ ಶಾಟ್ ಎಲ್ಲಾದ್ರೂ ಇದ್ಯಾ?"

ಇದೆ. ಕುದುರೆ ಸತ್ತಾಗ ಅಳುತ್ತಾನೆ. ಕುದುರೆ ಕಾಣದ ಹಾಗೆ ಮುಖ ಮಾತ್ರ ತೆಗೆದು, ಟ್ರಕ್ ಹೊರಟ ತಕ್ಷಣ ಬರುವಂತೆ ಜೋಡಿಸಿದೆ. ಚೆನ್ನಾಗಿ ಕೂತಿತು... ಅದೇ ಕಷ್ಟ.

ನಮ್ಮ ಊರಿನಲ್ಲಿ ನನ್ನ ರೋಹೆಲ್ ಅಣ್ಣನನ್ನು ಇದೇ ಗವರ್ನರನ ಸೈನಿಕರು ಅಂಥದ್ದೇ ಟ್ರಕ್ಕಿನಲ್ಲಿ ಒಯ್ದರು. ನಾನಿನ್ನೂ ಚಿಕ್ಕವಳು. ಅವನು ಬರಲೇ ಇಲ್ಲ. ರಾಮೆಲ್‌ಗೆ ಹೇಳಿಲ್ಲ.

ಮಾರ್ಚ್ 9
ಟ್ರೇಲರ್ ಬಂತು. ಮನೆಗೆ ಹೋದರೆ ಅಮ್ಮ, ನಮ್ಮ ನಾನಾಯ್, ಪಕ್ಕದ ಮನೆ ಪಾಸಿಂಗಳ ಫೋನ್ ಹಿಡಿದು ಕೂತಿದ್ದಾಳೆ.

"ನೋಡೇ ಮಗಳೇ, ಗವರ್ನರು ಅಳ್ತಿದಾರೆ! ಸೈನಿಕರು ಮಾಡಿದ್ದು ಅವರಿಗೆ ಗೊತ್ತೇ ಇರ್ಲಿಲ್ಲ ಅಂತ ನಾನ್ ಹೇಳ್ತಿರ್ಲಿಲ್ವಾ? ಗೊತ್ತಾದ್ಮೇಲೆ ನಮ್ಮ ರೋಹೆಲ್‌ಗೋಸ್ಕರ ಅತ್ತಿದಾರೆ."

"ಅದು ನಟ, ಅಮ್ಮಾ."

"ನಟ ಅಂತ ನಂಗೊತ್ತಿಲ್ವಾ? ನಡೆದದ್ದನ್ನೇ ತಾನೇ ತೆಗೆಯೋದು?"

ಇವತ್ತು ಅನ್ನ ಮತ್ತೆ ಹಾಕಿಸಿಕೊಂಡಳು. ಎಷ್ಟೋ ವರ್ಷದಿಂದ ಹಾಗೆ ಉಂಡದ್ದು ನೋಡಿಲ್ಲ.

ಮಾರ್ಚ್ 10
ಆ ಅಳು ಕುದುರೆಗೆ ಅಂತ ಇವತ್ತೂ ಹೇಳಲಿಲ್ಲ.

ಮಾರ್ಚ್ 21
ನನ್ನ ಬಾಯಿ ಸುಡಬೇಕು. ಸೌಂಡಿನವನ ಹತ್ತಿರ ಅಣ್ಣನ ವಿಷಯ, ನಾನಾಯ್ ಟ್ರೇಲರ್ ನಂಬಿದ್ದು ಅಂದದ್ದು ರಾಮೆಲ್ ಕಿವಿಗೆ ಬಿದ್ದಿದೆ.

"ಮಗನ್ನ ಕಳ್ಕೊಂಡ ತಾಯಿ ಗವರ್ನರನ್ನ ಕ್ಷಮಿಸಿದ್ರು ಅಂತ ಸಣ್ಣ ವಿಡಿಯೊ. ನಾಡಿದ್ದು ಕ್ಯಾಮೆರಾ ಕಳಿಸ್ತೀನಿ."

"ಬೇಡ."

"ಬೇಡ ಅನ್ನೋಕೆ ನೀನ್ಯಾರು? ಬೆಳಿಗ್ಗೆನೇ ಫೋನ್ ಮಾಡಿದ್ದೆ. ನಿಮ್ಮಮ್ಮ ಒಪ್ಪಿದಾರೆ."

ಮನೆಯಲ್ಲಿ ನಾನಾಯ್ ಚರ್ಚಿಗೆ ತೊಡುವ ನೀಲಿ ಗೌನು ಇಸ್ತ್ರಿ ಮಾಡುತ್ತಿದ್ದಳು. ಹಾಡು ಗುನುಗುತ್ತ.

ಮಾರ್ಚ್ 22, ಸಂಜೆ
ಹೇಳಿಬಿಟ್ಟೆ. ನಾನಾಯ್ ನಲ್ಲಿಯ ಹತ್ತಿರ ಮೀನು ಉಜ್ಜುತ್ತಿದ್ದಳು.

"ಕುದುರೆಗಾ?"

"ಹೂಂ."

"ಮತ್ತೆ ಆ ಹುಡುಗರಿಗೆ?"

"ಅವರಿಗೋಸ್ಕರ ಸಿನಿಮಾದಲ್ಲಿ ಯಾರೂ ಅಳಲ್ಲ ಅಮ್ಮಾ. ನಾನೇ ಅಂಟಿಸಿದ್ದು."

ಚಾಕು ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ.

"ನಾನೂ ಅತ್ತಿಲ್ಲ ಕಣೇ. ಅತ್ರೆ ಅವ್ನು ಸತ್ತ ಅಂತ ನಾನೇ ಒಪ್ಕೊಂಡ ಹಾಗೆ..."

ಒದ್ದೆ ಕೈಯಲ್ಲೇ ರಾಮೆಲ್‌ಗೆ ಫೋನ್ ಮಾಡಿದಳು. "ಬರಬೇಡಪ್ಪಾ. ಬಂದ್ರೆ ಈ ಮೀನಿನ ನೀರು ಮುಖಕ್ಕೆ ಎರಚ್ತೀನಿ."

ನಾನೂ ಅವನಿಗೆ ಬರೆದೆ — ಟ್ರೇಲರಿನಿಂದ ಆ ಶಾಟ್ ತೆಗಿ, ಇಲ್ಲ ಕೆಲಸದಿಂದ ನನ್ನ ತೆಗಿ.

ಆಮೇಲೆ ಅವಳು ಒಳಗೆ ಹೋದಳು. ಆ ಅಳುವ ದನಿ ಅವಳದ್ದು ಅಂತ ಮೊದಲು ತಿಳಿಯಲೇ ಇಲ್ಲ. ಪಕ್ಕದಲ್ಲಿ ಹೋಗಿ ಕೂತೆ. ಮುಟ್ಟಲು ಧೈರ್ಯ ಬರಲಿಲ್ಲ.

ಮಾರ್ಚ್ 23
ರಾಮೆಲ್ ಉತ್ತರಿಸಿದ. ಶಾಟ್ ಇರುತ್ತದಂತೆ. ನಾನು ಸ್ಟುಡಿಯೋಗೆ ಹೋಗಬೇಕಾಗಿಲ್ಲ.

ನಿನ್ನೆಯ ಅಳು ಕೇಳಿದ್ದ ಪಾಸಿಂಗ್ ಗಂಜಿ ತಂದಳು. "ಏನಾಯ್ತು ಅಕ್ಕಾ?"

"ನನ್ನ ಮಗ ಸತ್ತ, ಪಾಸಿಂಗ್."

ಯಾವಾಗ ಅಂತ ಪಾಸಿಂಗ್ ಕೇಳಲಿಲ್ಲ. ಮನೆಗೆ ಓಡಿ ಮೇಣದ ಬತ್ತಿ ತಂದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ, ಜಪಮಾಲೆ ಹಿಡಿದು. ಕುರ್ಚಿ ಸಾಲದು. ಅಣ್ಣನ ಫೋಟೊ ಎಲ್ಲಿಡೋದು ಅಂತ ನಾನಾಯ್ ನನ್ನ ಕರೆಯುತ್ತಿದ್ದಾಳೆ.