ಸರ್ಪಸುತ್ತಿನ ಕಾರಣ

ದುಕ್ಮ್
14 ನವೆಂಬರ್ 2024

ಪ್ರೀತಿಯ ವಾರಿಜಾಕ್ಷಿಗೆ,

ನೀನೂ ಮಗಳು ಅಕ್ಷಿತಾಳೂ ಕ್ಷೇಮವೆಂದು ನಂಬಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆಂದು ನಗಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕುತ್ತೀ, ಮನೆಯವರೆಲ್ಲ ಸುತ್ತ ಕೂತು ಕೇಳುತ್ತಾರೆ. ಇದನ್ನು ಹಾಗೆ ಹೇಳಲು ನನಗೆ ಮುಖವಿಲ್ಲ. ರಜೆಗೆ ಊರಿಗೆ ಹೊರಟ, ನನ್ನ ಜೊತೆ ಕೆಲಸ ಮಾಡುವ ಓಲ್ವಿನ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನ ಸೊಂಟದ ಸರ್ಪಸುತ್ತು ಒಣಗಿದೆ, ಉರಿ ಇನ್ನೂ ಇದೆ. ನಾಗನ ಮುನಿಸು ಎಂದು ನೀವೆಲ್ಲ ತೀರ್ಮಾನಿಸಿ, ನಾಗಬನದ ಕೊಂಬೆ ಕಡಿದ ನಿನ್ನ ತಮ್ಮ ಲತೇಶನನ್ನು ಮನೆಗೇ ಸೇರಿಸುತ್ತಿಲ್ಲವಂತೆ. ಅದನ್ನು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ.

ನನ್ನ ಹೊಟ್ಟೆಯಲ್ಲಿ ಕೊಕ್ಕೆಹುಳು ಇತ್ತು, ವಾರಿಜ. ಈ ಪರದೇಶದ ಕಾರ್ಮಿಕರ ಕ್ಯಾಂಪಿನ ಮುನ್ನೂರು ಜನರಿಗೆ ಅಡುಗೆ ಮಾಡುವವನ ಹೊಟ್ಟೆಯಲ್ಲಿ. ಅಡುಗೆಯವರು ಹೆಲ್ತ್ ಕಾರ್ಡಿಗಾಗಿ ಮಲವನ್ನು ಪರೀಕ್ಷೆಗೆ ಕೊಡಬೇಕು. ಹೋದ ಸಲ ಕೊಡುವಾಗಲೇ ಹೊಟ್ಟೆ ಸರಿಯಿರಲಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋದೀತೆಂದು ಹೆದರಿ, ರೂಮಿನ ಫಾಹಿಮನದನ್ನು ನನ್ನ ಹೆಸರಿನ ಡಬ್ಬಿಯಲ್ಲಿ ಕೊಟ್ಟೆ. ಅದಕ್ಕೆ ಅವನು ಎರಡು ಪ್ಲೇಟ್ ಬಿರಿಯಾನಿ ಕೇಳಿದ್ದ. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಈ ಸಲ ಸರ್ಪಸುತ್ತಿಗೆಂದು ಹೋದಾಗ ನನ್ನ ರಕ್ತ ನೋಡಿದ ಡಾಕ್ಟರ್ ಶ್ರೀನಿವಾಸಮೂರ್ತಿಯವರಿಗೆ ಹುಳುವಿನ ಅನುಮಾನ ಬಂತು. ನರ್ಸನ್ನು ಬಾಗಿಲಲ್ಲಿ ನಿಲ್ಲಿಸಿ ಡಬ್ಬಿ ತುಂಬಿಸಿದರು. ಬೈಯಲಿಲ್ಲ, ಅದೇ ಕಷ್ಟವಾಯಿತು. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸಿನ ವೈರಸ್ ನರದೊಳಗೆ ಮಲಗಿಯೇ ಇರುತ್ತದಂತೆ. ಮೈಯ ಕಾವಲು ಅದನ್ನು ಏಳಗೊಡುವುದಿಲ್ಲವಂತೆ. ಹುಳುಗಳು ತಾವು ಬದುಕುವುದಕ್ಕಾಗಿ ಆ ಕಾವಲನ್ನೇ ಮಂಕು ಮಾಡುತ್ತವೆ, ಅದೇ ಸಮಯ ನೋಡಿ ವೈರಸ್ ಎದ್ದಿರಬಹುದು ಎಂದರು. ಖಂಡಿತ ಹೀಗೇ ಎನ್ನಲಾರೆ, ಇನ್ನೂ ಸಂಶೋಧನೆ ನಡೆಯುತ್ತಿದೆ ಎಂದೂ ಹೇಳಿದರು. ಊರಲ್ಲಿ ಬರಿಗಾಲಲ್ಲಿ ತಿರುಗುವಾಗ ಹುಳು ಕಾಲಿನಿಂದ ಒಳಹೊಕ್ಕಿರಬೇಕಂತೆ. ನನ್ನ ಅಡುಗೆಯಿಂದ ಯಾರಿಗೂ ಅಂಟುವುದಿಲ್ಲವಂತೆ. ಅಷ್ಟೇ ಸಮಾಧಾನ.

ಮಾತ್ರೆ ನುಂಗಿದ್ದೇನೆ. ಡಬ್ಬಿಯ ವಿಷಯವನ್ನು ಮೆಸ್ ಮ್ಯಾನೇಜರ್ ತಮೀಮರಿಗೆ ನಾನೇ ಹೇಳಿದೆ. ಅವರು ಖಲಾಸ್ ಎಂದು ಎದ್ದು ಹೋದರು. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಲತೇಶನನ್ನು ಕರೆದು ಊಟ ಹಾಕು. ಈ ಕಾಗದವನ್ನು ನಿನ್ನ ಅಮ್ಮನ ಎದುರೇ ಓದು. ನಾಚಿಕೆ ನನ್ನದು, ನಾನೇ ಪಡುತ್ತೇನೆ.

ನಿನ್ನ
ಬೋಜ

ತಾ.ಕ.: ಹೋದ ರಜೆಯಲ್ಲಿ ಬಾಡಿಗೆ ಕಾರು ಅಂಗಳದೊಳಗೆ ಬರುತ್ತಿಲ್ಲವೆಂದು ಆ ಕೊಂಬೆ ಕಡಿಯಲು ಹೇಳಿದ್ದು ನಾನು. ಅವನು ಇವತ್ತಿಗೂ ನನ್ನ ಹೆಸರು ಹೇಳಿಲ್ಲ. ನಾನೂ ಹೇಳಿರಲಿಲ್ಲ.